ಬೈದ ಬಾಯಲ್ಲೇ ಆಟೋಗ್ರಾಫ್ ಕೇಳಿದವರು

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಸೇಂಟ್ ಜೇಮ್ಸ್ ಪಾರ್ಕ್ ಎಂಬ ಫುಟ್‌ಬಾಲ್ ಕ್ರೀಡಾಂಗಣವಿದೆ. 1990ರ ದಶಕದ ನಡುವಿನ ಮಾತು. ಅದರ ಸಮೀಪದ ಪೆಟ್ರೋಲ್ ಬಂಕಿನಲ್ಲಿ ಎತ್ತರದ ಕಪ್ಪು ವ್ಯಕ್ತಿಯೊಬ್ಬರು ತಮ್ಮ ಕಾರಿಗೆ ಪೆಟ್ರೋಲ್ ತುಂಬಿಸುತ್ತಿದ್ದರು. ಅಲ್ಲಿದ್ದ ಕೆಲವು ಹುಡುಗರು ಅವರ ಬಣ್ಣ ಹಿಡಿದು ಬೈಯಲು ಶುರುಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬನಿಗೆ ಗುರುತು ಹತ್ತಿತು. ಆ ವ್ಯಕ್ತಿ ಅವರದೇ ಊರಿನ ತಂಡ ನ್ಯೂಕಾಸಲ್ ಯುನೈಟೆಡ್‌ನ ಗೋಲ್‌ಕೀಪರ್ ಶಾಕಾ ಹಿಸ್ಲಾಪ್. ಬೈಗುಳ ನಿಂತಿತು. ಅದೇ ಹುಡುಗರು ಹತ್ತಿರ ಬಂದು ಆಟೋಗ್ರಾಫ್ ಕೇಳಿದರು.

ಹಿಸ್ಲಾಪ್ ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದದ್ದು ಟ್ರಿನಿಡಾಡಿನಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದು ಅಮೆರಿಕದಲ್ಲಿ. 2006ರ ವಿಶ್ವಕಪ್ಪಿನಲ್ಲಿ ಟ್ರಿನಿಡಾಡ್ ಎಂಬ ಪುಟ್ಟ ದೇಶ ಸ್ವೀಡನ್ನಿನಂಥ ತಂಡಕ್ಕೆ ಒಂದೂ ಗೋಲು ಬಿಟ್ಟುಕೊಡದೆ ಡ್ರಾ ಮಾಡಿಕೊಂಡಾಗ ಗೋಲಿನ ಮುಂದೆ ನಿಂತಿದ್ದವರು ಅವರೇ. ಬಂಕಿನ ಪ್ರಸಂಗವನ್ನು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಅದು ಅವರನ್ನು ಶಾಲೆಗಳತ್ತ ನಡೆಸಿತು. ಅವರು ಕೊಟ್ಟ ಒಂದು ಸಣ್ಣ ದೇಣಿಗೆಯೂ ಸೇರಿ 1996ರಲ್ಲಿ ‘ಶೋ ರೇಸಿಸಂ ದಿ ರೆಡ್ ಕಾರ್ಡ್’ ಎಂಬ ಸಂಸ್ಥೆ ಹುಟ್ಟಿತು. ಹೆಸರಾಂತ ಆಟಗಾರರನ್ನು ಮುಂದಿಟ್ಟುಕೊಂಡು ಚಲನಚಿತ್ರ, ಮೇಷ್ಟ್ರುಗಳಿಗೆ ಕೈಪಿಡಿ, ಮಕ್ಕಳಿಗೆ ಕಾರ್ಯಾಗಾರ, ಚಿತ್ರ ಬರೆಯುವ ಸ್ಪರ್ಧೆ, ಹೀಗೆ ವರ್ಣಭೇದದ ವಿರುದ್ಧ ಪಾಠಗಳನ್ನು ತಯಾರಿಸುವುದು ಅದರ ಕೆಲಸ. ಇವತ್ತಿಗೂ ನಡೆಯುತ್ತಿದೆ.

ನನ್ನ ಪಿಎಚ್.ಡಿ. ವಿಷಯ ಕನ್ನಡದ ಬೈಗುಳ. (ನಮ್ಮ ಗೈಡು ಅದನ್ನು ‘ನಿಂದಾಭಾಷೆ’ ಎಂದೇ ಬರೆಯಬೇಕೆನ್ನುತ್ತಾರೆ, ವಿಭಾಗದ ಫೈಲಿನಲ್ಲಿ ಅದು ಚೆನ್ನಾಗಿ ಕೂರುತ್ತದಂತೆ.) ಬೈಯುವುದನ್ನು ಬಿಡಿಸಲು ಜಗತ್ತಿನಲ್ಲಿ ಯಾರು ಏನೇನು ಪಾಠ ಮಾಡಿದ್ದಾರೆ ಎಂದು ಹುಡುಕುತ್ತಾ ಹೋದಾಗ ನಾನು ಫುಟ್‌ಬಾಲಿಗೆ ಬಂದು ತಲುಪಿದೆ. ಆಟದ ಮೇಲಿನ ಪ್ರೀತಿಯಿಂದಲ್ಲ. ಸಾವಿರಾರು ಜನ ಸೇರಿ ರಾಗವಾಗಿ ಬೈಯುವ ಜಾಗ ಅದೊಂದೇ ಇರಬೇಕು. ಅಲ್ಲಿ ಪಾಠ ಗೆದ್ದರೆ ಎಲ್ಲಿ ಬೇಕಾದರೂ ಗೆದ್ದೀತು ಅನ್ನಿಸಿತ್ತು.

ಆ ಬಂಕಿನ ಹುಡುಗರ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಬೈಗುಳಕ್ಕೂ ಆಟೋಗ್ರಾಫಿಗೂ ನಡುವಿನ ಆ ಅರೆನಿಮಿಷದಲ್ಲಿ ಬದಲಾದದ್ದು ಏನು? ಹುಡುಗರು ಬದಲಾಗಲಿಲ್ಲ. ಅವರು ಒಬ್ಬ ಮನುಷ್ಯನನ್ನು ಒಂದು ಗೂಡಿನಿಂದ ತೆಗೆದು ಇನ್ನೊಂದು ಗೂಡಿಗೆ ಹಾಕಿದರು, ಅಷ್ಟೆ. ಮೊದಲ ಗೂಡು ‘ಯಾರೋ ಕರಿಯ’. ಎರಡನೆಯದು ‘ನಮ್ಮ ಗೋಲ್‌ಕೀಪರ್’. ಮೊದಲ ಗೂಡು ಖಾಲಿಯಾಗಲಿಲ್ಲ. ಅದು ಮುಂದಿನ ಗಿರಾಕಿಗೆ ಕಾಯುತ್ತಾ ಹಾಗೇ ಉಳಿಯಿತು. ಹಿಸ್ಲಾಪ್ ಹೊರಟುಹೋದ ಮೇಲೆ ಅದೇ ಬಂಕಿಗೆ ಅದೇ ಬಣ್ಣದ ಬಸ್ ಡ್ರೈವರೊಬ್ಬ, ನರ್ಸೊಬ್ಬಳು ಬಂದಿದ್ದರೆ?

ಈ ಪಾಠಗಳ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ಮಕ್ಕಳು ಮೇಷ್ಟ್ರ ಮಾತಿಗೆ ಕಿವಿ ಕೊಡುವುದಿಲ್ಲ, ಆಟಗಾರನ ಮಾತಿಗೆ ಕೊಡುತ್ತಾರೆ. ಆದ್ದರಿಂದ ಆಟಗಾರನನ್ನು ತರಗತಿಗೆ ಕರೆತನ್ನಿ. ಉಪಾಯ ಒಳ್ಳೆಯದೇ, ಕೆಲಸವನ್ನೂ ಮಾಡುತ್ತದೆ. ಆದರೆ ಮಗು ಕೇಳಿಸಿಕೊಳ್ಳುವುದು ಆಟಗಾರನ ಮೇಲಿನ ಭಕ್ತಿಯಿಂದ. ಭಕ್ತಿಯಿಂದ ಕಲಿತ ಗೌರವ ಭಕ್ತಿಗೆ ಪಾತ್ರರಲ್ಲದವರಿಗೆ ಹರಿಯುತ್ತದೆಯೇ? ಹುಡುಗರು ಆಟೋಗ್ರಾಫ್ ಕೇಳಿದ್ದೇ ಸಮಸ್ಯೆ ಎಂದು ಹಿಸ್ಲಾಪ್‌ಗೆ ಕಂಡಿತು. ಅದಕ್ಕೆ ಔಷಧವಾಗಿ ನಾವು ಕೊಡುತ್ತಿರುವುದೂ ಒಂದು ಬಗೆಯ ಆಟೋಗ್ರಾಫನ್ನೇ.

ಅಂಥ ಗೌರವ ಎಷ್ಟು ದಿನದ್ದು ಎಂದು ನೋಡಲು 2021ರ ಜುಲೈ 11ರ ರಾತ್ರಿ ಸಾಕು. ಯೂರೋ ಕಪ್ ಫೈನಲ್. ಇಂಗ್ಲೆಂಡ್ ಇಟಲಿಯ ಎದುರು ಪೆನಾಲ್ಟಿಯಲ್ಲಿ ಸೋತಿತು. ಗುರಿ ತಪ್ಪಿದ ಮೂವರು, ಮಾರ್ಕಸ್ ರ‍್ಯಾಶ್‌ಫೋರ್ಡ್, ಜೇಡನ್ ಸ್ಯಾಂಚೊ, ಬುಕಾಯೊ ಸಾಕಾ, ಮೂವರೂ ಕಪ್ಪು ಆಟಗಾರರು. ಸಾಕಾನಿಗೆ ಆಗ 19 ವರ್ಷ. ಆ ರಾತ್ರಿಯಿಂದಲೇ ಅವರ ಖಾತೆಗಳಿಗೆ ಮಂಗನ ಚಿತ್ರಗಳು, ಬೈಗುಳಗಳು ಬಂದು ಬಿದ್ದವು. ‘ನಮ್ಮ ಹುಡುಗ’ ಎಂಬ ಗೂಡಿನಿಂದ ‘ಯಾರೋ ಕರಿಯ’ ಎಂಬ ಗೂಡಿಗೆ ವಾಪಸ್ ಬರಲು ಬೇಕಾದದ್ದು ಒಂದೇ ಒಂದು ಒದೆತ. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ಪಾಠಗಳು ಶುರುವಾಗಿ ಕಾಲು ಶತಮಾನ ಆಗಿತ್ತು.

ಹಾಗಾದರೆ ಪಾಠ ವ್ಯರ್ಥವೇ ಎಂದು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಮೂವರ ಪರವಾಗಿ ಮರುದಿನದಿಂದಲೇ ಎದ್ದ ದನಿಗಳು 1980ರ ದಶಕದ ಇಂಗ್ಲೆಂಡಿನಲ್ಲಿ ಏಳುತ್ತಿರಲಿಲ್ಲ. ಆದರೆ ಪಾಠ ಯಾವುದನ್ನು ಕಲಿಸಬಲ್ಲದು, ಯಾವುದನ್ನು ಕಲಿಸಲಾರದು ಎಂಬುದನ್ನು ಬೇರೆ ಬೇರೆ ಮಾಡಿ ನೋಡಬೇಕು.

ಇದು ದೂರದ ಇಂಗ್ಲೆಂಡಿನ ಕತೆ ಎಂದು ಬೆಂಗಳೂರಿನವರು ನಿರಾಳರಾಗುವಂತಿಲ್ಲ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ತುಂಬಿ ಊರು ಬಿಟ್ಟರು. ಅದರ ಮರುವರ್ಷ, 2013ರಲ್ಲಿ, ಬೆಂಗಳೂರು ಎಫ್‌ಸಿ ತಂಡ ಹುಟ್ಟಿತು. ಮಣಿಪುರದ ಉದಾಂತ ಸಿಂಗ್ 2014ರಲ್ಲಿ ಆ ತಂಡಕ್ಕೆ ಬಂದ. ಬಲಗಡೆಯ ಗೆರೆ ಹಿಡಿದು ಅವನು ಓಡಿದನೆಂದರೆ ಕಂಠೀರವ ಕ್ರೀಡಾಂಗಣ ಎದ್ದು ನಿಲ್ಲುತ್ತಿತ್ತು. ಅದೇ ಮುಖದ, ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಕ್ರೀಡಾಂಗಣದಿಂದ ಎರಡು ಫರ್ಲಾಂಗು ಆಚೆ ಆಟೋ ಕೇಳಿದರೆ, ಬಾಡಿಗೆಗೆ ರೂಮು ಕೇಳಿದರೆ ಅವನಿಗೆ ಸಿಗುವ ಹೆಸರು ಏನೆಂದು ನಮಗೆಲ್ಲ ಗೊತ್ತು. ಆ ಪದವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಕಂಠೀರವದ ಕೂಗು ಸುಳ್ಳು ಎಂದು ನಾನು ಹೇಳುತ್ತಿಲ್ಲ, ಅದು ಪೂರ್ತಿ ನಿಜವಾದ ಪ್ರೀತಿ. ಆ ಪ್ರೀತಿ ಗೇಟಿನ ಹೊರಗೆ ಬರುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ 2014ರ ಜನವರಿಯಲ್ಲಿ ದಿಲ್ಲಿಯ ಲಾಜಪತ್ ನಗರದಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡ ಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿತು. ಈಶಾನ್ಯದ ಚರಿತ್ರೆ, ಸಂಸ್ಕೃತಿ ಪಠ್ಯಪುಸ್ತಕಗಳಲ್ಲಿ ಬರಬೇಕು ಎಂಬುದು ಅದರ ಸಲಹೆಗಳಲ್ಲೊಂದು. ಒಪ್ಪತಕ್ಕ ಸಲಹೆ. ಆದರೆ ಹಲ್ಲೆ ಮಾಡುವವನಿಗೆ ಕೊರತೆಯಾಗಿರುವುದು ಮಾಹಿತಿಯೇ? ನಾಗಾಲ್ಯಾಂಡಿನ ರಾಜಧಾನಿ ಯಾವುದೆಂದು ತಿಳಿದವನು ಬೈಯುವುದಿಲ್ಲ ಎಂಬ ನಂಬಿಕೆ ನಮ್ಮ ಪಠ್ಯ ತಯಾರಕರಲ್ಲಿ ಬಹಳ ಗಟ್ಟಿಯಾಗಿದೆ. ಬಂಕಿನ ಹುಡುಗರಿಗೆ ಹಿಸ್ಲಾಪ್‌ನ ವಿಷಯದಲ್ಲಿ ಮಾಹಿತಿಯ ಕೊರತೆ ಇದ್ದದ್ದು ನಿಜ, ಅದು ತುಂಬಿದ ಕೂಡಲೇ ಬೈಗುಳ ನಿಂತದ್ದೂ ನಿಜ. ಅದರಿಂದ ಅವರು ಒಳ್ಳೆಯವರಾದರು ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಇನ್ನು ಪದಗಳ ಪಾಠಕ್ಕೆ ಬರುತ್ತೇನೆ. ನನಗೆ ಹೆಚ್ಚು ಪರಿಚಯವಿರುವ ಹೊಲ ಅದು.

2011ರ ಅಕ್ಟೋಬರ್ 15ರಂದು ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯದಲ್ಲಿ ಉರುಗ್ವೆಯ ಲೂಯಿಸ್ ಸ್ವಾರೆಜ್, ಎದುರು ತಂಡದ ಕಪ್ಪು ಆಟಗಾರ ಪ್ಯಾಟ್ರಿಸ್ ಎವ್ರಾನನ್ನು ‘ನೆಗ್ರೊ’ ಎಂದು ಕರೆದ. ಸ್ಪ್ಯಾನಿಷಿನಲ್ಲಿ ಅದು ಕಪ್ಪು ಎಂಬುದಕ್ಕಿರುವ ಸಾದಾ ಪದ. ನಮ್ಮ ಕಡೆ ಗೆಳೆಯರನ್ನು ಹಾಗೇ ಕರೆಯುತ್ತೇವೆ ಎಂದು ಅವನ ವಾದ. ವಿಚಾರಣಾ ಮಂಡಳಿ ಭಾಷಾಪಂಡಿತರ ಹಾಗೆ ಕುಳಿತು ಕೆಲಸ ಮಾಡಿತು. ಉರುಗ್ವೆ ಕಡೆಯ ಸ್ಪ್ಯಾನಿಷ್ ಬಲ್ಲ ಇಬ್ಬರು ವಿದ್ವಾಂಸರನ್ನು ಕೇಳಿತು. ಅವರು ಹೇಳಿದ್ದರ ಸಾರ ಇಷ್ಟು: ಹೌದು, ಆ ಪದ ಅಲ್ಲಿ ಮುದ್ದಿಗೂ ಬಳಕೆಯಾಗುತ್ತದೆ. ಆದರೆ ಎವ್ರಾ ವಿವರಿಸಿದಂಥ ಜಗಳದ ನಡುವೆ ಅದು ಮುದ್ದಾಗಿ ಉಳಿಯುವುದಿಲ್ಲ. ಮಂಡಳಿ ಎವ್ರಾನ ಮಾತನ್ನು ನಂಬಿತು. 8 ಪಂದ್ಯಗಳ ನಿಷೇಧ, 40,000 ಪೌಂಡ್ ದಂಡ. ಆ ತೀರ್ಪಿನ 115 ಪುಟಗಳನ್ನು ನಾನು ಓದಿದ್ದು ಕ್ರೀಡಾ ದಾಖಲೆಯಾಗಿ ಅಲ್ಲ. ಒಂದು ಪದದ ಅರ್ಥ ಎಲ್ಲಿರುತ್ತದೆ ಎಂಬುದಕ್ಕೆ ಅಷ್ಟು ತಾಳ್ಮೆಯ ವ್ಯಾಖ್ಯಾನವನ್ನು ನಮ್ಮ ಎಷ್ಟೋ ಥೀಸಿಸ್‌ಗಳಲ್ಲಿ ನಾನು ಕಂಡಿಲ್ಲ.

ಒಂಬತ್ತು ವರ್ಷಗಳ ನಂತರ ಇನ್ನೊಬ್ಬ ಉರುಗ್ವೆಯವನು, ಎಡಿನ್ಸನ್ ಕವಾನಿ. ಮ್ಯಾಂಚೆಸ್ಟರ್ ಯುನೈಟೆಡ್ ಪರ ಎರಡು ಗೋಲು ಹೊಡೆದು ಪಂದ್ಯ ಗೆಲ್ಲಿಸಿದ. ಅಭಿನಂದಿಸಿದ ಗೆಳೆಯನಿಗೆ ಇನ್‌ಸ್ಟಾಗ್ರಾಮಿನಲ್ಲಿ ‘ಗ್ರಾಸಿಯಾಸ್ ನೆಗ್ರಿತೊ’ ಎಂದು ಬರೆದ. ಥ್ಯಾಂಕ್ಸ್ ಕಣೋ ಕರಿಯಾ, ಅಂದಂತೆ. 3 ಪಂದ್ಯಗಳ ನಿಷೇಧ, 1 ಲಕ್ಷ ಪೌಂಡ್ ದಂಡ, ಜೊತೆಗೆ ಕಡ್ಡಾಯವಾಗಿ ಎದುರಾ ಎದುರು ಕೂತು ಒಂದು ಪಾಠ. ಉರುಗ್ವೆಯ ಸಾಹಿತ್ಯ ಅಕಾಡೆಮಿ ಪ್ರತಿಭಟಿಸಿತು. ನಮ್ಮ ಭಾಷೆ ಗೊತ್ತಿಲ್ಲದವರು ನಮ್ಮ ಅಕ್ಕರೆಯ ಪದಕ್ಕೆ ಶಿಕ್ಷೆ ಕೊಟ್ಟಿದ್ದಾರೆ ಎಂಬ ಅರ್ಥದಲ್ಲಿ. ಒಂದು ಸಾಹಿತ್ಯ ಅಕಾಡೆಮಿ ಫುಟ್‌ಬಾಲ್ ತೀರ್ಪಿಗೆ ಹೇಳಿಕೆ ಕೊಟ್ಟದ್ದನ್ನು ನಾನಂತೂ ಬೇರೆ ಕಂಡಿಲ್ಲ.

ಕನ್ನಡದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಕರಿಯಪ್ಪ, ಕರಿಯಣ್ಣ, ಕರಿಯಮ್ಮ ನಮ್ಮಲ್ಲಿ ಹೆಸರುಗಳು. ಕರಿಯಮ್ಮ ದೇವರೂ ಹೌದು. ‘ಲೋ ಕರಿಯಾ’ ಎಂದು ಗೆಳೆಯನ ಹೆಗಲಿಗೆ ಕೈಹಾಕುವುದೂ ಉಂಟು. ಬೈಗುಳ ಸಂಗ್ರಹಕ್ಕೆಂದು ತುಮಕೂರು ಕಡೆಯ ಹಳ್ಳಿಯೊಂದರಲ್ಲಿ ತಿರುಗುವಾಗ ಐವತ್ತು ದಾಟಿದ ಒಬ್ಬರು ಸಿಕ್ಕಿದ್ದರು. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವರು ಕರಿಯ. ಬೇಸರವಾಗುವುದಿಲ್ಲವೇ ಎಂದೆ. “ನಮ್ ಕೇರಿಯೋರು ಕರುದ್ರೆ ಅದು ಹೆಸ್ರು ಕಣವ್ವ,” ಎಂದರು. ಸ್ವಲ್ಪ ತಡೆದು, “ಅಗೋ, ಆ ಗೌಡ್ರ ಮೊಮ್ಮಗ ಐತಲ್ಲ, ಅದೂ ಕರಿಯಾ ಅಂತಲೇ ಕರೀತದೆ. ನಾನು ಅದುಕ್ಕೆ ಏನಂತ ಕರೀಲಿ?” ಎಂದು ನಕ್ಕರು. ಆ ಮೊಮ್ಮಗನಿಗೆ ಹೆಚ್ಚೆಂದರೆ ಹತ್ತು ವರ್ಷ.

ನನ್ನ ಪ್ರಬಂಧದ ಒಂದು ಅಧ್ಯಾಯವೇ ಆ ಪ್ರಶ್ನೆಯ ಮೇಲೆ ನಿಂತಿದೆ. ಪದದ ಅರ್ಥ ನಿಘಂಟಿನಲ್ಲೂ ಇಲ್ಲ, ಆಡಿದವನ ಮನಸ್ಸಿನಲ್ಲೂ ಪೂರ್ತಿ ಇಲ್ಲ. ಕರೆಸಿಕೊಂಡವನಿಗೆ ತಿರುಗಿ ಅಷ್ಟೇ ಸಲುಗೆಯಿಂದ ಕರೆಯುವ ಅವಕಾಶ ಇದೆಯೇ, ‘ಹಾಗೆ ಕರೀಬೇಡ’ ಅಂದರೆ ನಿಲ್ಲುತ್ತದೆಯೇ, ಇವೆರಡನ್ನು ಕೇಳಿದರೆ ಬಹಳಷ್ಟು ಬಗೆಹರಿಯುತ್ತದೆ. ಈ ಅಳತೆಯಲ್ಲಿ ಸ್ವಾರೆಜ್ ತಪ್ಪಿತಸ್ಥ. ಎವ್ರಾನಿಗೂ ಅವನಿಗೂ ಸಲುಗೆಯೇ ಇರಲಿಲ್ಲ. ಕವಾನಿ ತಪ್ಪಿತಸ್ಥನಲ್ಲ. ಅವನ ಗೆಳೆಯ ನಾಳೆ ಅವನಿಗೂ ಹಾಗೇ ಬರೆಯಬಲ್ಲ. ಹಾಗಿದ್ದೂ ಕವಾನಿಗೆ ಪಾಠ ಬೇಕಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಲಕ್ಷಾಂತರ ಜನ ನೋಡುವ ಜಾಗದಲ್ಲಿ ಬರೆದ ಮೇಲೆ ಅದನ್ನು ಲಿವರ್‌ಪೂಲಿನ, ಲಂಡನ್ನಿನ ಕಪ್ಪು ಮಗುವೊಂದು ಹೇಗೆ ಓದೀತು ಎಂದು ಕೂತು ಕೇಳಿಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಅನ್ಯಾಯವಾದದ್ದು ನಿಷೇಧದಲ್ಲಿ. ಪಾಠವನ್ನು ದಂಡದ ಪಟ್ಟಿಯಲ್ಲಿ ಮೂರನೇ ಬಾಬ್ತಾಗಿ ಸೇರಿಸಿದ್ದರಲ್ಲಿ.

ಸ್ಕೂಲಿನಲ್ಲಿ ಇಂಪೊಸಿಷನ್ ಬರೆದವರಿಗೆ ಇದು ಅರ್ಥವಾಗುತ್ತದೆ. ‘ನಾನು ಗಲಾಟೆ ಮಾಡುವುದಿಲ್ಲ’ ಎಂದು ನೂರು ಸಲ ಬರೆದ ಕೈಗೆ ನೋವು ಬರುತ್ತದೆ, ಅಕ್ಷರ ದುಂಡಗಾಗುತ್ತದೆ, ಗಲಾಟೆ ನಿಲ್ಲುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲೂ ಈಗ ಇಂಥ ಆನ್‌ಲೈನ್ ಪಾಠಗಳಿವೆ. ಹತ್ತು ಸ್ಲೈಡು, ಹತ್ತು ಪ್ರಶ್ನೆ, ಕೊನೆಗೆ ಹೆಸರು ಹಾಕಿದ ಸರ್ಟಿಫಿಕೇಟು. ನಮ್ಮ ಹಾಸ್ಟೆಲಿನಲ್ಲಿ ಒಬ್ಬಳು ಜಾಣೆ ಹತ್ತಕ್ಕೂ ಸರಿಯುತ್ತರ ಬರೆದು ಇಡೀ ಕಾರಿಡಾರಿಗೆ ಹಂಚಿದಳು. ಎಲ್ಲರೂ ನೂರಕ್ಕೆ ನೂರು ಸಮಾನತಾವಾದಿಗಳಾದೆವು.

ಇದರ ತದ್ವಿರುದ್ಧ ದಾರಿಯನ್ನು ಲಂಡನ್ನಿನ ಚೆಲ್ಸಿ ಕ್ಲಬ್ 2018ರಲ್ಲಿ ಯೋಚಿಸಿತು. ಯೆಹೂದಿಗಳನ್ನು ನಿಂದಿಸುವ ಹಾಡು ಹಾಡಿ ಸಿಕ್ಕಿಬಿದ್ದ ಅಭಿಮಾನಿಗೆ ಸುಮ್ಮನೆ ನಿಷೇಧ ಹಾಕುವ ಬದಲು, ಅವನು ಒಪ್ಪಿದರೆ ಪಾಠಕ್ಕೆ ಕಳಿಸುವುದು, ಆಶ್ವಿಟ್ಜ್ ನರಮೇಧ ಶಿಬಿರಕ್ಕೆ ಕರೆದುಕೊಂಡು ಹೋಗುವುದು. ಹೊರಗೆ ಹಾಕಿದರೆ ಮನುಷ್ಯ ಬದಲಾಗುವುದಿಲ್ಲ ಎಂಬುದು ಅವರ ತರ್ಕ. ಇಲ್ಲಿ ಪಾಠ ದಂಡದ ಜೊತೆಗಲ್ಲ, ದಂಡದ ಬದಲಿಗೆ.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಬೈದವನಿಗೆ ಪ್ರವಾಸ, ಬೈಸಿಕೊಂಡವನಿಗೆ ಏನು? ಮುಂದಿನ ಶನಿವಾರ ಅವನು ಅದೇ ಸಾಲಿನಲ್ಲಿ ಬಂದು ಕೂರುವಾಗ ಪಕ್ಕದ ಯೆಹೂದಿ ಕುಟುಂಬ ಅವನ ಮನಃಪರಿವರ್ತನೆಯನ್ನು ನಂಬಬೇಕೇ? ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಆದರೆ ನಿಷೇಧ ರಕ್ಷಿಸುವುದು ಸ್ಟ್ಯಾಂಡನ್ನು ಮಾತ್ರ ಎಂಬುದನ್ನೂ ಅಲ್ಲಗಳೆಯಲಾಗುವುದಿಲ್ಲ. ಹೊರಗೆ ಹಾಕಿಸಿಕೊಂಡವನು ಮನೆಯಲ್ಲಿ ಟಿ.ವಿ. ಮುಂದೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಹಾಡು ಹಾಡುತ್ತಾನೆ.

ಚೆಲ್ಸಿಯ ಮಟ್ಟಿಗೆ ಈ ಮಾತಿಗೆ ಒಂದು ಹಳೆಯ ಗಾಯವಿದೆ. 1982ರ ಏಪ್ರಿಲ್‌ನಲ್ಲಿ ಪಾಲ್ ಕ್ಯಾನೊವಿಲ್ ಆ ಕ್ಲಬ್ಬಿಗೆ ಆಡಿದ ಮೊದಲ ಕಪ್ಪು ಆಟಗಾರನಾದ. ಎದುರಾಳಿಯ ಮೈದಾನದ ಅಂಚಿನಲ್ಲಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾಗ ಬೈಗುಳ ಕೇಳಿಸಿತು. ತಿರುಗಿ ನೋಡಿದರೆ ಬೈಯುತ್ತಿದ್ದವರು ಅವನದೇ ತಂಡದ ನೀಲಿ ತೊಟ್ಟವರು. ಅವರಿಗೆ ಆಗ ಯಾರೂ ಪಾಠ ಮಾಡಲಿಲ್ಲ. ಕಾನೂನು ಬಂದದ್ದು 1991ರಲ್ಲಿ. ಆ ಕಾನೂನಿನದೂ ಒಂದು ಸ್ವಾರಸ್ಯ. ಜನಾಂಗೀಯ ಕೂಗು ಅಪರಾಧವಾಗಬೇಕಾದರೆ ಒಬ್ಬನಿಗಿಂತ ಹೆಚ್ಚು ಜನ ಸೇರಿ ಕೂಗಿರಬೇಕಿತ್ತು. ಒಂಟಿಯಾಗಿ ಕೂಗಿದವನನ್ನೂ ಅದರೊಳಗೆ ತರಲು 1999ರ ತಿದ್ದುಪಡಿ ಬೇಕಾಯಿತು. ಎಂಟು ವರ್ಷ ಕಾನೂನಿನ ಕಣ್ಣಿಗೆ ಗುಂಪು ಮಾತ್ರ ಬೈಯುತ್ತಿತ್ತು, ಮನುಷ್ಯ ಬೈಯುತ್ತಿರಲಿಲ್ಲ. ಪಾಠದ ತೊಂದರೆ ಇದಕ್ಕೆ ಉಲ್ಟಾ. ಅದು ಮನುಷ್ಯನನ್ನು ಒಬ್ಬೊಬ್ಬನಾಗಿ ಕೂರಿಸಿ ಕಲಿಸುತ್ತದೆ, ಅವನು ಬೈಯುವುದು ಗುಂಪಿನಲ್ಲಿ.

ಗಾಯ, ಕಾಯಿಲೆ, ಮಾದಕ ವ್ಯಸನ ಎಲ್ಲ ದಾಟಿ ಬಂದ ಕ್ಯಾನೊವಿಲ್ ಮುಂದೆ ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ತನ್ನ ಕತೆ ಹೇಳತೊಡಗಿದರು. ಹಿಸ್ಲಾಪ್ ಹೋದರು, ಇವರೂ ಹೋದರು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಬೈಸಿಕೊಂಡವರೇ ಯಾಕೆ ಮೇಷ್ಟ್ರಾಗಬೇಕು? ಪಠ್ಯ ತಯಾರಾಗುವುದು ಅವರ ನೋವಿನಿಂದ, ಪಾಠ ಮಾಡುವ ಶ್ರಮವೂ ಅವರದೇ. ಬೈದವರು ಕೂತು ಕೇಳಿ, ಕಣ್ಣು ಒದ್ದೆ ಮಾಡಿಕೊಂಡು, ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ನಮ್ಮ ಕನ್ನಡ ಎಂ.ಎ. ತರಗತಿಗಳಲ್ಲಿ ದಲಿತ ಆತ್ಮಕಥೆ ಪಾಠ ಮಾಡುವ ದಿನವೂ ಹೀಗೇ. ನೀರಿಗಾಗಿ, ಊಟದ ಪಂಕ್ತಿಗಾಗಿ ಅವಮಾನಪಟ್ಟ ಪುಟ ಬಂದಾಗ ಮೇಷ್ಟ್ರ ದನಿ ಭಾರವಾಗುತ್ತದೆ. ಮೂರನೇ ಬೆಂಚಿನ ಹುಡುಗನ ಕಡೆ ನಾಲ್ಕು ಕತ್ತು ತಿರುಗುತ್ತವೆ. “ನಿಮ್ಮೂರಲ್ಲೂ ಹೀಗಿತ್ತೇನಪ್ಪಾ?” ಎಂದು ಮೇಷ್ಟ್ರು ಕಳಕಳಿಯಿಂದಲೇ ಕೇಳುತ್ತಾರೆ. ಅವನು ಆ ಗಂಟೆ ವಿದ್ಯಾರ್ಥಿಯಾಗಿ ಉಳಿಯುವುದಿಲ್ಲ, ಪಠ್ಯವಾಗುತ್ತಾನೆ. ಅದೇ ಪಾಠವನ್ನು ತಿರುಗಿಸಿ, ಆ ಪಂಕ್ತಿಯಲ್ಲಿ ಕೂತು ಉಂಡವರ ಬಗ್ಗೆ, ಸುಮ್ಮನಿದ್ದವರ ಬಗ್ಗೆ ಪ್ರಶ್ನೆ ಕೇಳಿದ ಅಧ್ಯಾಪಕರೂ ಇದ್ದಾರೆ. ನನಗೆ ಅಂಥವರು ಒಬ್ಬರು ಸಿಕ್ಕಿದ್ದರು. ಆ ದಿನ ಯಾರ ಕತ್ತೂ ಮೂರನೇ ಬೆಂಚಿಗೆ ತಿರುಗಲಿಲ್ಲ. ಎಲ್ಲರೂ ಅವರವರ ನೋಟ್‌ಬುಕ್ ನೋಡುತ್ತಿದ್ದೆವು.

ಫುಟ್‌ಬಾಲಿನ ಪಾಠಗಳಲ್ಲೂ ನನಗೆ ಬೇಕಿರುವುದು ಆ ತಿರುವು. ಬಂಕಿನ ಕತೆಯನ್ನೇ ಇಟ್ಟುಕೊಳ್ಳಿ. ಅದನ್ನು ಹಿಸ್ಲಾಪ್‌ನ ಕತೆಯಾಗಿ ಹೇಳಿದರೆ ಮಕ್ಕಳು ಅಯ್ಯೋ ಪಾಪ ಅನ್ನುತ್ತಾರೆ. ಗುರುತು ಹಿಡಿದ ಆ ಹುಡುಗನ ಕತೆಯಾಗಿ ಹೇಳಿ. ಅವನು ಗೆಳೆಯರಿಗೆ ‘ನಿಲ್ಲಿಸ್ರೋ’ ಅಂದಿರಬೇಕಲ್ಲ? ಅಂದರೆ ನಿಲ್ಲಿಸಲು ಬರುತ್ತಿತ್ತು. ಗುರುತು ಹತ್ತುವ ಮೊದಲು ಆ ಮಾತು ಬಾಯಿಗೆ ಬರದಂತೆ ತಡೆದದ್ದು ಏನು? ಇದಕ್ಕೆ ಉತ್ತರ ಹೇಳಬೇಕಾದವರು ಆಟಗಾರರಲ್ಲ, ಆ ಬೆಂಚುಗಳಲ್ಲಿ ಕೂತ ಹುಡುಗರು. ಎಲ್ಲರನ್ನೂ ಪ್ರೀತಿಸು ಎಂದು ಕಲಿಸುವುದು ಯಾವ ಕೈಪಿಡಿಯಿಂದಲೂ ಆಗುವುದಿಲ್ಲ. ಪಕ್ಕದವನು ಕೂಗುವಾಗ ಅವನ ತೋಳು ಜಗ್ಗುವುದನ್ನು ಕಲಿಸಬಹುದು. ಫ್ರೀ ಕಿಕ್ಕಿಗೆ ಗೋಡೆ ಕಟ್ಟುವುದನ್ನು ಕಲಿಸಿದ ಹಾಗೆ, ದಿನಾ ಸಂಜೆ.

ನಮ್ಮ ಹಾಸ್ಟೆಲ್ ಮೈದಾನದಲ್ಲಿ ಸಂಜೆ ಆಡುವ ಹುಡುಗರಲ್ಲಿ ಕಲಬುರಗಿಯವರು, ಮಂಗಳೂರಿನವರು, ಮಣಿಪುರ, ಮಿಜೋರಾಮಿನವರು ಎಲ್ಲ ಇದ್ದಾರೆ. ಅಡ್ಡಹೆಸರಿನ ಮೇಲೆ ಒಮ್ಮೆ ದೊಡ್ಡ ಜಗಳವಾಗಿ, ಮೆಸ್ಸಿನಲ್ಲಿ ಎರಡು ದಿನ ಪಂಚಾಯ್ತಿ ನಡೆಯಿತು. ಯಾರೂ ಸಮಿತಿ ಮಾಡಲಿಲ್ಲ, ಪೋಸ್ಟರ್ ಅಂಟಿಸಲಿಲ್ಲ. ಹೊಸಬ ಮೈದಾನಕ್ಕೆ ಬಂದ ದಿನ ತನ್ನನ್ನು ಏನೆಂದು ಕೂಗಬೇಕು ಅಂತ ಅವನೇ ಹೇಳಬೇಕು, ಬಾಲ್ ಕೇಳುವಾಗ ಎಲ್ಲರೂ ಹಾಗೇ ಕೂಗಬೇಕು, ತಪ್ಪಿದರೆ ಎದುರು ತಂಡಕ್ಕೆ ಥ್ರೋ. ಇಷ್ಟೇ ನಿಯಮ. ಕಲಬುರಗಿಯ ಹುಡುಗನೊಬ್ಬ, “ನನಗ ಕರಿಯಾ ಅಂತಲೇ ಕರೀರಿ, ನಮ್ಮವ್ವನೂ ಹಂಗೇ ಕರೀತಾಳ,” ಎಂದ. ಹಾಗೇ ಕರೆಯುತ್ತಾರೆ. ಮಣಿಪುರದವನೊಬ್ಬ ಮಾತ್ರ ತನ್ನ ಹೆಸರನ್ನು ಯಾರೂ ಮೊಟಕು ಮಾಡಬಾರದು, ಪೂರ್ತಿ ಕೂಗಬೇಕು ಎಂದು ಹಟ ಹಿಡಿದ. ಉದ್ದನೆಯ ಹೆಸರು. ಮೊದಲ ಎರಡು ವಾರ ನಮ್ಮ ಗೋಲ್‌ಕೀಪರ್ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬಾಲ್ ಗೆರೆ ದಾಟಿ ಕ್ಯಾಂಟೀನಿನ ಕಡೆ ಹೋಗಿರುತ್ತಿತ್ತು. ಈಗ ಒಂದೇ ಉಸಿರಿಗೆ ಹೇಳುತ್ತಾನೆ.